ಹತ್ತಿಯ ಊರಿಗೆ ಹೋಗಿ ಬಂದ ಅಡಿಕೆ ಊರಿನವನು

ಅಪ್ಪ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಬರೆದವರು. ಯಾರು ಯಾವ ಊರಿಗೆ ಹೋಗಿ ಬಂದರೂ ಅವರದ್ದು ಒಂದೇ ಪ್ರಶ್ನೆ. "ಅಲ್ಲಿ ಏನು ಬೆಳೀತಾರೆ, ಎಲ್ಲಿ ಮಾರ್ತಾರೆ?" ಅತ್ತೆ ಕಾಶಿಗೆ ಹೋಗಿ ಗಂಗಾಜಲ ತಂದುಕೊಟ್ಟಾಗಲೂ ಇದನ್ನೇ ಕೇಳಿ ಬೈಸಿಕೊಂಡಿದ್ದರು.

ಈ ಸಲ ಅಕ್ಕನ ಎರಡನೇ ಬಾಣಂತನಕ್ಕೆ ಅಮ್ಮನನ್ನು ಹ್ಯೂಸ್ಟನ್‌ಗೆ ಬಿಟ್ಟು ಬರೋಕೆ ಅಂತ ಹೋಗಿದ್ದೆ. ಮನೆ ತುಂಬ ಡೈಪರ್, ಖಾರದ ಪುಡಿ ಡಬ್ಬ, ಅಮ್ಮನ ಲೇಹ್ಯದ ವಾಸನೆ. ಭಾವನಿಗೆ ನನ್ನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು ಅನ್ನೋ ಮುಜುಗರ. ಕೊನೆಗೆ ಎರಡು ದಿನ ರಜೆ ಹಾಕಿ, ಐದಾರು ಗಂಟೆ ಕಾರು ಓಡಿಸಿ, ಮಿಸಿಸಿಪ್ಪಿ ನದಿಯ ದಂಡೆಯ ನ್ಯಾಚೆಜ್ ಅನ್ನೋ ಊರು ತೋರಿಸಿದ. ಹೆಸರೂ ಕೇಳಿರಲಿಲ್ಲ ನಾನು. ವಾಪಸ್ ಬಂದ ಮೇಲೆ, ಜುಲೈ ತಿಂಗಳ ಒಂದು ಸಂಜೆ, ಹೊರಗೆ ಮಳೆ ಸುರಿಯುತ್ತಿರುವಾಗ ಜಗಲಿಯಲ್ಲಿ ಕೂತು ಅಪ್ಪನಿಗೆ ಫೋಟೋ ತೋರಿಸಿದೆ. ಪ್ರಶ್ನೆ ಬಂದೇ ಬಂತು.

"ಹತ್ತಿ" ಅಂದೆ. "ಆದ್ರೆ ಈಗ ಹತ್ತಿಗಿಂತ ಜಾಸ್ತಿ ಹಳೇ ಮನೆ ತೋರಿಸಿ ಟಿಕೆಟ್ ಮಾರ್ತಾರೆ."

ನದಿಯಿಂದ ಶುರು ಮಾಡ್ತೀನಿ. ನಮ್ಮ ತುಂಗೆ ಎಷ್ಟು ಬಂದಿದ್ದಾಳೆ ಅಂತ ತಿಳಿಯೋಕೆ ಶಿವಮೊಗ್ಗದವರು ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ನೋಡುತ್ತಾರೆ, ತೀರ್ಥಹಳ್ಳಿಯವರು ರಾಮ ಮಂಟಪ ನೋಡುತ್ತಾರೆ. ಮಂಟಪ ಮುಳುಗಿತು ಅಂದರೆ ಹೊಳೆ ತುಂಬಿತು ಅಂತ ಲೆಕ್ಕ. ನ್ಯಾಚೆಜ್‌ನಲ್ಲಿ ಅಂಥ ಭಯವೇ ಇಲ್ಲ. ಊರು ಕೂತಿರೋದು ನೀರಿನಿಂದ ಸುಮಾರು 200 ಅಡಿ ಎತ್ತರದ ಮಣ್ಣಿನ ದಿಬ್ಬದ ಮೇಲೆ. ಅಲ್ಲಿ ನಿಂತು ಕೆಳಗೆ ನೋಡಿದರೆ ಮಿಸಿಸಿಪ್ಪಿ ಆಷಾಢದ ತುಂಗೆಯ ಹಾಗೆ ಕೆಂಪಗೆ, ಆದರೆ ಆಚೆ ದಡದ ಮರಗಳು ಒಂದು ಗೆರೆ ಎಳೆದಂತೆ ಕಾಣುವಷ್ಟು ದೂರ. ದಿಬ್ಬದ ಕೆಳಗೆ ಹಡಗುಕಟ್ಟೆ. ಒಂದು ಕಾಲಕ್ಕೆ ಸಾರಾಯಿ, ಜೂಜು, ಹೊಡೆದಾಟ ಎಲ್ಲ ಆ ಕೆಳಗಿನ ಬೀದಿಯಲ್ಲಿ. ಮರ್ಯಾದಸ್ಥರು ಮೇಲೆ.

ನ್ಯಾಚೆಜ್ ಅನ್ನೋದು ಅಲ್ಲಿದ್ದ ಮೂಲ ಜನರ ಹೆಸರು. 1716ರಲ್ಲಿ ಫ್ರೆಂಚರು ಅಲ್ಲಿ ಕೋಟೆ ಕಟ್ಟಿದರು. 1729ರಲ್ಲಿ ಆ ಜನ ತಿರುಗಿಬಿದ್ದು ಇನ್ನೂರಕ್ಕೂ ಹೆಚ್ಚು ಫ್ರೆಂಚರನ್ನು ಕೊಂದರು. ಅದಕ್ಕೆ ಪ್ರತಿಯಾಗಿ ಫ್ರೆಂಚರು ಎರಡೇ ವರ್ಷದಲ್ಲಿ ಅವರನ್ನು ಚದುರಿಸಿ, ಸಿಕ್ಕವರನ್ನು ಗುಲಾಮರಾಗಿ ಮಾರಿಬಿಟ್ಟರು. ಆಮೇಲೆ ಇಂಗ್ಲಿಷರು, ಸ್ಪೇನಿನವರು, 1798ರಲ್ಲಿ ಅಮೆರಿಕದವರು. ಜನ ಹೋದರು, ಹೆಸರು ಮಾತ್ರ ಊರಿಗೆ ಉಳಿಯಿತು.

ಮೊದಲು ಅಲ್ಲಿ ಹತ್ತಿ ದೊಡ್ಡ ಬೆಳೆಯೇ ಅಲ್ಲ. ತಂಬಾಕು, ಬಣ್ಣದ ನೀಲಿ ಗಿಡ ಬೆಳೆಯುತ್ತಿದ್ದರು. ಸ್ಪೇನಿನ ಸರ್ಕಾರ ಒಳ್ಳೆ ದರಕ್ಕೆ ತಂಬಾಕು ಕೊಳ್ಳೋದು ನಿಲ್ಲಿಸಿತು. ನೀಲಿಗೆ ಹುಳ ಬಿತ್ತು. ಇನ್ನೇನು ಮಾಡೋದು ಅಂತ ಕೂತಿದ್ದಾಗ, 1793ರಲ್ಲಿ ಎಲೈ ವಿಟ್ನಿ ಅನ್ನುವವನು ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ. ಅಲ್ಲಿಯ ಹತ್ತಿಯ ಎಳೆ ಬೀಜಕ್ಕೆ ಅಂಟಿಕೊಂಡಿರುತ್ತೆ, ಕೈಯಲ್ಲಿ ಬಿಡಿಸೋಕೆ ಕೂತರೆ ದಿನಕ್ಕೆ ಒಂದು ಹಿಡಿ. ಯಂತ್ರ ಬಂದಿದ್ದೇ ತಡ, ಎರಡು ಮೂರು ವರ್ಷದಲ್ಲಿ ನ್ಯಾಚೆಜ್ ಸೀಮೆಯ ಹೊಲವೆಲ್ಲ ಬೆಳ್ಳಗಾಯಿತು.

ಬೀಜದ್ದೂ ಒಂದು ಕತೆ ಇದೆ, ಅಲ್ಲಿಯವರು ಖುಷಿಯಿಂದ ಹೇಳುತ್ತಾರೆ. 1806ರ ಸುಮಾರಿಗೆ ವಾಲ್ಟರ್ ಬರ್ಲಿಂಗ್ ಅನ್ನೋ ನ್ಯಾಚೆಜ್‌ನವನು ಮೆಕ್ಸಿಕೋಗೆ ಹೋದಾಗ ಅಲ್ಲಿಯ ಹತ್ತಿ ಬೀಜ ಕೇಳಿದನಂತೆ. ಅಲ್ಲಿ ಆಳುತ್ತಿದ್ದ ಸ್ಪೇನಿನ ದೊಡ್ಡ ಅಧಿಕಾರಿ, ಬೀಜ ಹೊರಗೆ ಕೊಡೋ ಹಾಗಿಲ್ಲ, ಬೇಕಾದರೆ ಆಟದ ಬೊಂಬೆ ಎಷ್ಟು ಬೇಕಾದರೂ ತಗೊಂಡು ಹೋಗು ಅಂದನಂತೆ. ಬೊಂಬೆಗಳ ಹೊಟ್ಟೆಯಲ್ಲಿ ತುಂಬಿದ್ದು ಹತ್ತಿ ಬೀಜ. ನಿಜವೋ ಸುಳ್ಳೋ, ಮೆಕ್ಸಿಕೋ ಬೀಜ ಬಂದಿದ್ದಂತೂ ನಿಜ. ಹತ್ತಿರದ ರಾಡ್ನಿ ಅನ್ನೋ ಊರಿನ ರಶ್ ನಟ್ ಅದರಿಂದ ಹೊಸ ತಳಿ ಬೆಳೆಸಿದ. ಅದರ ಕಾಯಿ ಅಗಲವಾಗಿ ಬಿರಿಯುತ್ತಿತ್ತು, ಬಿಡಿಸೋಕೆ ಸಲೀಸು.

ನಮ್ಮಪ್ಪ ಇಲ್ಲಿ ತಡೆದರು. "ಬೆಳೆದಿದ್ದು ಸರಿ. ಸಾಗಿಸಿದ್ದು ಹೆಂಗೆ?"

ಹೊಳೆಯಲ್ಲಿ. ಮೊದಮೊದಲು ಮರದ ಚಪ್ಪಟೆ ದೋಣಿ. ಅದು ನೀರು ಹರಿಯೋ ಕಡೆಗೆ ಮಾತ್ರ ಹೋಗೋದು. ಮೇಲಿನ ಸೀಮೆಯಿಂದ ಹಿಟ್ಟು, ಹಂದಿಮಾಂಸ ತುಂಬಿಕೊಂಡು ಬಂದವರು ಮಾಲು ಮಾರಿ, ದೋಣಿಯ ಹಲಗೆಗಳನ್ನೂ ಬಿಚ್ಚಿ ಮಾರಿ, ಕಾಡುದಾರಿಯಲ್ಲಿ ಸುಮಾರು 700 ಕಿಲೋಮೀಟರ್ ನಡೆದು ವಾಪಸ್ ಹೋಗುತ್ತಿದ್ದರು. 1811ರ ಕೊನೆಗೆ ಮಿಸಿಸಿಪ್ಪಿಯಲ್ಲಿ ಮೊದಲ ಉಗಿಹಡಗು ಬಂತು. 'ನ್ಯೂ ಆರ್ಲಿಯನ್ಸ್' ಅಂತ ಅದರ ಹೆಸರು. ಅದು ಬರುವ ದಾರಿಯಲ್ಲೇ ದೊಡ್ಡ ಭೂಕಂಪ ಆಗಿ ದಂಡೆಗಳು ಕುಸಿಯುತ್ತಿದ್ದವು, ಆದರೂ ಬಂತು. ನ್ಯಾಚೆಜ್‌ನಲ್ಲಿ ಹತ್ತಿ ಹೇರಿಕೊಂಡಿತು. ಹರಿವಿಗೆ ಎದುರಾಗಿ ಹೋಗೋ ಹಡಗು ಸಿಕ್ಕ ಮೇಲೆ ಕೇಳಬೇಕಾ. ಹತ್ತಿ ಕೆಳಗೆ ನ್ಯೂ ಆರ್ಲಿಯನ್ಸ್‌ಗೆ, ಅಲ್ಲಿಂದ ಸಮುದ್ರ ದಾಟಿ ಲಿವರ್‌ಪೂಲ್‌ಗೆ. ಅಲ್ಲಿಂದ ಪಿಯಾನೋ, ಪಿಂಗಾಣಿ, ಫ್ರಾನ್ಸಿನ ಪರದೆ ಬಟ್ಟೆ ಮೇಲಕ್ಕೆ.

ಅಪ್ಪನ ಕಣ್ಣು ಅರಳಿದ್ದು ದಲಾಲಿಯ ವಿಷಯ ಬಂದಾಗ. ನ್ಯೂ ಆರ್ಲಿಯನ್ಸ್‌ನಲ್ಲಿ ಮಂಡಿಯವರು ಇರುತ್ತಿದ್ದರು. ಮಾರಿಕೊಟ್ಟದ್ದಕ್ಕೆ ನೂರಕ್ಕೆ ಎರಡೂವರೆ ದಲಾಲಿ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಬೆಳೆ ಇನ್ನೂ ಹೊಲದಲ್ಲಿರುವಾಗಲೇ ಮುಂಗಡ ಕೊಡೋರು, ಅದಕ್ಕೆ ಬಡ್ಡಿ, ಮನೆಗೆ ಬೇಕಾದ ಸಾಮಾನೂ ಅವರೇ ಕಳಿಸೋರು, ಅದರ ಮೇಲೊಂದು ಲಾಭ. "ಅಯ್ಯೋ, ನಮ್ದೇ ಕತೆ! ಅಡಿಕೆ ಮರ ಹಿಂಗಾರ ಬಿಡೋ ಹೊತ್ತಿಗೇ ಬಂದು ಸಾಹುಕಾರ್ರ ಮುಂದೆ ನಿಲ್ತಿದ್ರಲ್ಲ" ಅಂತ ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. ಮಾಲು ನೋಡೋದು ಹೇಗೆ ಅಂತಲೂ ಕೇಳಿದರು. ಹತ್ತಿ ಮೂಟೆಯಿಂದ ಒಂದು ತುಪ್ಪಳ ಎಳೆದು, ಎರಡು ಹೆಬ್ಬೆರಳ ನಡುವೆ ಹಿಂಜಿ ಎಳೆಯ ಉದ್ದ ನೋಡೋದು. ಅಪ್ಪ ಅಡಕತ್ತರಿಯಲ್ಲಿ ಅಡಿಕೆ ಸೀಳಿ ಒಳಗಿನ ಗೆರೆ ನೋಡೋ ಹಾಗೆ ಕೈ ಮಾಡಿ ತೋರಿಸಿದರು. ಇಬ್ಬರ ಬೆರಳೂ ಒಂದೇ ಥರ ಓಡುತ್ತೆ ಅನ್ನಿಸಿತು.

ಇಲ್ಲಿವರೆಗೆ ಚೆನ್ನಾಗಿತ್ತು. ಮುಂದಿನ ಫೋಟೋ ಒಂದು ಖಾಲಿ ಹುಲ್ಲಿನ ಜಾಗ.

ಊರಿನ ಹೊರಗೆ, ಎರಡು ದಾರಿ ಕೂಡುವ ಕಡೆ. 'ಫೋರ್ಕ್ಸ್ ಆಫ್ ದಿ ರೋಡ್' ಅಂತ ಕರೀತಾರೆ, ಕವಲುದಾರಿ ಅನ್ನಿ. ಒಂದಷ್ಟು ಫಲಕ, ಕಾಂಕ್ರೀಟಿನಲ್ಲಿ ಹುದುಗಿಸಿದ ಕಬ್ಬಿಣದ ಬೇಡಿಗಳು, ಅಷ್ಟೇ. ನ್ಯೂ ಆರ್ಲಿಯನ್ಸ್ ಬಿಟ್ಟರೆ ಆ ಸೀಮೆಯಲ್ಲೇ ದೊಡ್ಡ ಗುಲಾಮರ ಸಂತೆ ಇದು. 1808ರಲ್ಲಿ ಅಮೆರಿಕ ಹೊರದೇಶದಿಂದ ಗುಲಾಮರನ್ನು ತರೋದು ನಿಲ್ಲಿಸಿತು. ಆದರೆ ದೇಶದೊಳಗೆ ಮಾರೋದು ನಿಲ್ಲಲಿಲ್ಲ. ವರ್ಜೀನಿಯಾ ಕಡೆ ತಂಬಾಕು ಬಿದ್ದುಹೋಗಿ ಜನ ಹೆಚ್ಚಾಗಿದ್ದರು, ಇಲ್ಲಿ ಹತ್ತಿಗೆ ಕೈ ಬೇಕಿತ್ತು. ಸರಪಳಿಗೆ ಕಟ್ಟಿ, ಸಾವಿರಾರು ಕಿಲೋಮೀಟರ್ ನಡೆಸಿಕೊಂಡು ಬರುತ್ತಿದ್ದರು. ಹೀಗೆ ಮೇಲಿನ ಸೀಮೆಗಳಿಂದ ಹತ್ತಿಯ ಸೀಮೆಗೆ ಸಾಗಿಸಿದವರು ಒಟ್ಟು ಹತ್ತು ಲಕ್ಷದ ಹತ್ತಿರ. ಗಂಡನ್ನ ಇಲ್ಲಿ, ಹೆಂಡತಿಯನ್ನ ಅಲ್ಲಿ, ಮಗುವನ್ನ ಇನ್ನೆಲ್ಲೋ.

ಮೊದಲು ಸಂತೆ ಊರೊಳಗೇ ಇತ್ತಂತೆ. 1833ರಲ್ಲಿ ಕಾಲರಾ ಬಂದು, ಸತ್ತ ಗುಲಾಮರನ್ನು ಒಬ್ಬ ದೊಡ್ಡ ವ್ಯಾಪಾರಿ ಕದ್ದುಮುಚ್ಚಿ ಹೂತ ವಿಷಯ ಬಯಲಾದಾಗ ಊರಿನವರಿಗೆ ಸಿಟ್ಟು ಬಂತು. ವ್ಯಾಪಾರದ ಮೇಲಲ್ಲ, ರೋಗದ ಮೇಲೆ. ಊರಿನ ಗಡಿಯಾಚೆ ಮಾಡಿಕೊಳ್ಳಿ ಅಂದರು. ಹಾಗಾಗಿ ಸಂತೆ ಕವಲುದಾರಿಗೆ ಹೋಯಿತು. ಅಲ್ಲಿ ಹರಾಜು ಕೂಗುತ್ತಿದ್ದದ್ದು ಕಡಿಮೆ. ಹೊಸ ಬಟ್ಟೆ ತೊಡಿಸಿ ಸಾಲಾಗಿ ನಿಲ್ಲಿಸೋರು. ಬಂದವರು ಕೈಕಾಲು, ಹಲ್ಲು ನೋಡಿ, ಪಕ್ಕಕ್ಕೆ ಕರೆದು ಚೌಕಾಸಿ ಮಾಡೋರು.

"ದನದ ಜಾತ್ರೇಲಿ ಟವೆಲ್ ಕೆಳಗೆ ಬೆರಳು ಹಿಡೀತಾರಲ್ಲ" ಅಂತ ಶುರು ಮಾಡಿದ ಅಪ್ಪ ಮಾತು ಅಲ್ಲಿಗೇ ಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, ಎಷ್ಟಕ್ಕೆ ಅಂತ ಕೇಳಿದರು. ಮಂಡಿ ಗುಮಾಸ್ತರು ನೋಡಿ, ಕೇಳದೇ ಇರೋಕೆ ಆಗಲ್ಲ. 1860ರ ಹೊತ್ತಿಗೆ ಗಟ್ಟಿಮುಟ್ಟಾದ ಹುಡುಗನಿಗೆ 1,500 ಡಾಲರ್ ದಾಟಿತ್ತು ಅಂದೆ. ಹತ್ತಿ ಪೌಂಡಿಗೆ 11 ಸೆಂಟ್ ಆಸುಪಾಸು, ಮೂಟೆ ಸುಮಾರು 400 ಪೌಂಡ್. ಅಪ್ಪ ಮನಸ್ಸಲ್ಲೇ ಗುಣಿಸಿ ಭಾಗಿಸಿದರು. ತುಟಿ ಅಲ್ಲಾಡುತ್ತಿತ್ತು.

"ಮೂವತ್ತನಾಲ್ಕು ಮೂಟೆ" ಅಂದರು. ಆಮೇಲೆ ತಮ್ಮ ಲೆಕ್ಕ ತಮಗೇ ಬೇಡವಾದವರ ಹಾಗೆ ಎದ್ದು ಒಳಗೆ ಹೋಗಿ ಕಾಫಿ ಇಟ್ಟರು.

ಆ ಊರಿನ ಜೀವ ಇದ್ದದ್ದೇ ಲೆಕ್ಕದ ಪುಸ್ತಕದಲ್ಲಿ ಅಂತ ನನಗೆ ಅಲ್ಲಿ ಅನ್ನಿಸಿತ್ತು. ತೋಟಗಳಲ್ಲಿ ಪ್ರತಿ ಸಂಜೆ ಒಬ್ಬೊಬ್ಬರೂ ಬಿಡಿಸಿದ ಹತ್ತಿ ತೂಗಿ ಬರೆಯುತ್ತಿದ್ದರು. ಕಡಿಮೆ ಬಿದ್ದರೆ ಚಾಟಿ. 1800ರಿಂದ 1860ರ ಹೊತ್ತಿಗೆ ಒಬ್ಬ ಆಳು ದಿನಕ್ಕೆ ಬಿಡಿಸುವ ಹತ್ತಿ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ಹೊಸ ತಳಿಯಿಂದ ಅಂತ ಕೆಲವರು, ಚಾಟಿಯಿಂದ ಅಂತ ಕೆಲವರು ಈಗಲೂ ಜಗಳ ಆಡ್ತಾರೆ. ನನ್ನ ಕೇಳಿದರೆ ಎರಡೂ ಹೌದು. ಲೆಕ್ಕಕ್ಕೆ ಬೇಡವಾದಾಗ ಮಾತ್ರ ಅದೇ ಜನ ಲೆಕ್ಕದಿಂದ ಮಾಯ. 1840ರ ಮೇ 7ರಂದು ನ್ಯಾಚೆಜ್‌ಗೆ ಸುಂಟರಗಾಳಿ ಬಡಿಯಿತು. ಸತ್ತವರು 317 ಅಂತ ಬರೆದಿದ್ದಾರೆ, ಹೆಚ್ಚಿನವರು ಹೊಳೆಯ ಮೇಲೆ ದೋಣಿಯಲ್ಲಿದ್ದವರು. ಸುತ್ತಲಿನ ತೋಟಗಳಲ್ಲಿ ಸತ್ತ ಗುಲಾಮರನ್ನು ಯಾರೂ ಸರಿಯಾಗಿ ಎಣಿಸಿಯೇ ಇಲ್ಲ.

ಇಬ್ಬರ ಕತೆ ಮಾತ್ರ ಅಪ್ಪ ಪೂರ್ತಿ ಕೇಳಿದರು. ಒಬ್ಬ ಅಬ್ದುಲ್ ರಹಮಾನ್ ಇಬ್ರಾಹಿಂ. ಆಫ್ರಿಕದ ಫೂಟಾ ಜಾಲೋನ್ ಅನ್ನೋ ರಾಜ್ಯದ ದೊರೆಯ ಮಗ. ಯುದ್ಧದಲ್ಲಿ ಸಿಕ್ಕಿಬಿದ್ದು 1788ರಲ್ಲಿ ನ್ಯಾಚೆಜ್‌ಗೆ ಮಾರಾಟವಾದ. 1807ರಲ್ಲಿ ಸಂತೆಯಲ್ಲಿ ತರಕಾರಿ ಮಾರುತ್ತಿದ್ದಾಗ ಕುದುರೆ ಮೇಲೆ ಬಂದ ಒಬ್ಬ ಬಿಳಿ ಡಾಕ್ಟರನ್ನು ಗುರುತು ಹಿಡಿದ. ಎಷ್ಟೋ ವರ್ಷದ ಹಿಂದೆ ಆಫ್ರಿಕದಲ್ಲಿ ದಾರಿ ತಪ್ಪಿ, ಕಾಯಿಲೆ ಬಿದ್ದಿದ್ದ ಇದೇ ಡಾಕ್ಟರನ್ನು ಇವನ ಅಪ್ಪ ಮನೆಯಲ್ಲಿಟ್ಟುಕೊಂಡು ಸಾಕಿದ್ದ! ಡಾಕ್ಟರ್ ಬಿಡಿಸಿಕೊಳ್ಳೋಕೆ ದುಡ್ಡು ಕೊಡ್ತೀನಿ ಅಂದರೂ ಯಜಮಾನ ಬಿಡಲಿಲ್ಲ. ಬಿಡುಗಡೆ ಆಗಿದ್ದು 1828ರಲ್ಲಿ, ನಲವತ್ತು ವರ್ಷದ ಮೇಲೆ. ಮರುವರ್ಷ ಆಫ್ರಿಕದ ದಡ ಮುಟ್ಟಿದ, ತನ್ನೂರು ಮುಟ್ಟೋ ಮೊದಲೇ ತೀರಿಕೊಂಡ.

ಇನ್ನೊಬ್ಬ ವಿಲಿಯಂ ಜಾನ್ಸನ್, ಕ್ಷೌರಿಕ. ಗುಲಾಮನಾಗಿ ಹುಟ್ಟಿ ಬಾಲ್ಯದಲ್ಲೇ ಬಿಡುಗಡೆಯಾದ ಕಪ್ಪು ಮನುಷ್ಯ. 1835ರಿಂದ 1851ರವರೆಗೆ ಊರಿನ ಸಾಹುಕಾರರ ಗಡ್ಡ ಹೆರೆಯುತ್ತಾ ಕಿವಿಗೆ ಬಿದ್ದದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟ. ಯಾರು ಸಾಲ ತೀರಿಸಿಲ್ಲ, ಯಾವ ಕುದುರೆ ಗೆದ್ದಿತು, ಯಾರ ಮನೆ ಹರಾಜಾಯಿತು. ಬಿಳಿಯರಿಗೂ ಬಡ್ಡಿಗೆ ಸಾಲ ಕೊಡುತ್ತಿದ್ದ. ಗಂಟಲಲ್ಲಿ ಇಳಿಯದ ಮಾತು ಅಂದರೆ, ಅವನೂ ಗುಲಾಮರನ್ನು ಇಟ್ಟುಕೊಂಡಿದ್ದ. 1851ರಲ್ಲಿ ಜಮೀನಿನ ಗಡಿ ಜಗಳದಲ್ಲಿ ಒಬ್ಬ ಗುಂಡು ಹೊಡೆದ. ನೋಡಿದವರೆಲ್ಲ ಕಪ್ಪು ಜನ. ಕೊಂದವನು ತಾನು ಬಿಳಿಯ ಅಂತ ವಾದಿಸಿದ. ಬಿಳಿಯನ ವಿರುದ್ಧ ಕಪ್ಪು ಜನ ಸಾಕ್ಷಿ ಹೇಳುವಂತಿರಲಿಲ್ಲ. ಬಿಟ್ಟುಬಿಟ್ಟರು. ದಿನಚರಿ ಮನೆಯ ಅಟ್ಟದಲ್ಲಿ 1938ರವರೆಗೂ ಬಿದ್ದಿತ್ತು. ಈಗ ಅವನ ಮನೆ ವಸ್ತುಸಂಗ್ರಹಾಲಯ.

"ಹದಿನಾರು ವರ್ಷ ಒಂದಿನ ಬಿಡದೆ?" ಅಂತ ಕೇಳಿದರು ಅಪ್ಪ. ಹೆಚ್ಚುಕಡಿಮೆ ಅಂದೆ. ಅದೊಂದು ವಿಷಯಕ್ಕೆ ಅವರಿಗೆ ಆತನ ಮೇಲೆ ಗೌರವ ಬಂತು.

1861ರಲ್ಲಿ ಅಮೆರಿಕದ ಉತ್ತರಕ್ಕೂ ಗುಲಾಮರನ್ನಿಟ್ಟುಕೊಂಡ ದಕ್ಷಿಣಕ್ಕೂ ಯುದ್ಧ ಶುರುವಾಯಿತು. ಹತ್ತಿ ದೊರೆಗಳು ಇಂಗ್ಲೆಂಡ್ ನಮ್ಮ ಹತ್ತಿ ಇಲ್ಲದೆ ಉಸಿರಾಡಲ್ಲ ಅಂದುಕೊಂಡಿದ್ದರು. ಉತ್ತರದವರು ಹಡಗು ನಿಲ್ಲಿಸಿ ದಕ್ಷಿಣದ ಬಂದರುಗಳ ಬಾಯಿ ಕಟ್ಟಿದರು. ಲ್ಯಾಂಕಾಶೈರ್ ಗಿರಣಿಗಳು ನಿಂತವು, ಕೂಲಿಗಳು ಹಸಿದರು, ಗಿರಣಿ ಒಡೆಯರ ಕಣ್ಣು ನಮ್ಮ ಕಡೆ ತಿರುಗಿತು. ಅಮ್ಮನ ತವರು ಕುಮಟಾ ಕಡೆ, ಹಾಗಾಗಿ ಈ ಭಾಗ ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿ ದಾಟಿ, ದೇವಿಮನೆ ಘಾಟಿ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಕುಮಟಾದಲ್ಲಿ ಬೆಳೆಯದಿದ್ದರೂ ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಅದಕ್ಕೆ 'ಕುಮ್ಟಾ ಹತ್ತಿ' ಅಂತಲೇ ಹೆಸರು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ಸಾಗಿಸೋ ಯೋಚನೆ ಇತ್ತು. ಅದಕ್ಕೂ ಮೊದಲೇ, 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿತ್ತು. ಅಮೆರಿಕದ ತಳಿ ಒಂದಷ್ಟಾದರೂ ನೆಲೆ ನಿಂತಿದ್ದು ಧಾರವಾಡದ ಕಡೆಯೇ. ಮಿಸಿಸಿಪ್ಪಿಯ ಹೊಲಕ್ಕೂ ದೇವಿಮನೆ ಘಾಟಿಗೂ ನಂಟು ಇತ್ತು ಅಂದರೆ ನಂಬ್ತೀರಾ? 1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು, ಬೊಂಬಾಯಿಯ ಎಷ್ಟೋ ಸಾಹುಕಾರರು ದಿವಾಳಿ ಎದ್ದರು. ಆಮೇಲೆ ಹುಬ್ಬಳ್ಳಿಗೆ ರೈಲು ಬಂದು ಕುಮಟಾ ಬಂದರು ಕೂಡ ತಣ್ಣಗಾಯಿತು.

ನ್ಯಾಚೆಜ್‌ನಲ್ಲಿ ಆ ಹೊತ್ತಿಗೆ ಏನಾಗಿತ್ತು ಅಂತ ತಿಳಿಯೋಕೆ ಲಾಂಗ್‌ವುಡ್ ಅನ್ನೋ ಮನೆ ನೋಡಬೇಕು. ಬೀಜದ ರಶ್ ನಟ್‌ನ ಮಗ ಹ್ಯಾಲರ್ ನಟ್ 1860ರಲ್ಲಿ ಕಟ್ಟಿಸೋಕೆ ಶುರು ಮಾಡಿದ್ದು. ಎಂಟು ಮೂಲೆ, ಮೇಲೆ ಈರುಳ್ಳಿ ಆಕಾರದ ಗುಮ್ಮಟ, 32 ಕೋಣೆ. ಯುದ್ಧ ಅಂದ ಕೂಡಲೇ ಫಿಲಡೆಲ್ಫಿಯಾದಿಂದ ಬಂದಿದ್ದ ಕೆಲಸಗಾರರು ಸಾಮಾನು ಅಲ್ಲೇ ಬಿಟ್ಟು ಊರಿಗೆ ಓಡಿದರು. ನೆಲಮಾಳಿಗೆಯ 9 ಕೋಣೆ ಮಾತ್ರ ಮುಗಿದವು. ನಟ್ 1864ರಲ್ಲಿ ಸತ್ತ. ಸಂಸಾರ ಅದೇ ನೆಲಮಾಳಿಗೆಯಲ್ಲಿ ಬದುಕಿತು. ಮೇಲಿನ ಮಹಡಿಗಳು ಇವತ್ತಿಗೂ ಬೋಳು ಇಟ್ಟಿಗೆ, ತೊಲೆ, ಹಳೇ ಡಬ್ಬಗಳು. ನನಗೆ ಆ ಊರಿನ ಸಾಲುಸಾಲು ಬಿಳಿ ಕಂಬದ ಮನೆಗಳಿಗಿಂತ ಇದೇ ಹಿಡಿಸಿತು. ಮಿಕ್ಕ ಮನೆಗಳಲ್ಲಿ ಗೈಡ್ ಪಿಂಗಾಣಿ ಬಟ್ಟಲಿನ ಬಗ್ಗೆ ಹತ್ತು ನಿಮಿಷ, ಅದನ್ನು ತೊಳೆದವರ ಬಗ್ಗೆ ಅರ್ಧ ನಿಮಿಷ.

ಒಂದು ವಿಷಯ ಮಾತ್ರ ಅಲ್ಲಿ ಹೇಳಿದ್ದು ಮನಸ್ಸಿಗೆ ತಂಪು ಅನ್ನಿಸಿತು. 1863ರ ಜುಲೈನಲ್ಲಿ ಉತ್ತರದ ಸೈನ್ಯ ಊರಿಗೆ ಬಂದಾಗ ಸುತ್ತಲಿನ ತೋಟಗಳಿಂದ ಸಾವಿರಾರು ಜನ ಓಡಿ ಬಂದರು, ಎಷ್ಟೋ ಜನ ಸೈನ್ಯ ಸೇರಿದರು. ಆ ಕಪ್ಪು ಸೈನಿಕರೇ ಕವಲುದಾರಿಯ ಸಂತೆಯ ಕಟ್ಟಡಗಳನ್ನು ಕೆಡವಿ, ಅದೇ ಮರದಿಂದ ತಮ್ಮ ಬ್ಯಾರಕ್ ಕಟ್ಟಿಕೊಂಡರು.

ಆಮೇಲೆ ಪಾಲು ಬೇಸಾಯ ಬಂತು, ಅದರ ಜೊತೆ ಅಂಗಡಿ ಸಾಲ. 1907ರಲ್ಲಿ ಹತ್ತಿಕಾಯಿ ಕೊರೆಯುವ ಮೂತಿಹುಳ ಮಿಸಿಸಿಪ್ಪಿಗೆ ಕಾಲಿಟ್ಟಿದ್ದೇ ನ್ಯಾಚೆಜ್ ಕಡೆಯಿಂದ. ಬೆಳೆ ನೆಲ ಕಚ್ಚಿತು. ಅಡಿಕೆಯ ಎಲೆಚುಕ್ಕಿ ರೋಗದ ಸುದ್ದಿ ಓದುವ ಮುಖದಲ್ಲೇ ಅಪ್ಪ ಇದನ್ನೂ ಕೇಳಿದರು. ಶೃಂಗೇರಿ ಕೊಪ್ಪದ ಕಡೆ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಹೋದದ್ದು ಅವರಿಗೆ ಗೊತ್ತು. ರಾಡ್ನಿಯ ಪಾಡಂತೂ ಕೇಳೋದೇ ಬೇಡ. ಅಷ್ಟು ದೊಡ್ಡ ಹತ್ತಿ ಬಂದರು, 1870ರ ಸುಮಾರಿಗೆ ಮರಳುದಿಬ್ಬ ಎದ್ದು ಹೊಳೆಯೇ ದೂರ ಸರಿದುಹೋಯಿತು. ಈಗ ಒಂದೆರಡು ಚರ್ಚು, ಕಾಡು.

ಅಪ್ಪ ಕಾಫಿ ಮುಗಿಸಿ ಎದ್ದು, ಮೇಲಿನ ಅಟ್ಟದಿಂದ ಒಂದು ಕೆಂಪು ಬಟ್ಟೆಯ ಗಂಟು ಇಳಿಸಿದರು. ಅಜ್ಜನ ಲೆಕ್ಕದ ಪುಸ್ತಕ. ತೀರ್ಥಹಳ್ಳಿ ಕಡೆ ನಮಗೊಂದು ಸಣ್ಣ ತೋಟ ಇತ್ತು. 1950ರ ದಶಕದ ಬರಹ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಅಂಚನ್ನು ಗೆದ್ದಲು ತಿಂದಿದೆ. ಗೇಣಿ ರೈತರು ಒಡೆಯರ ವಿರುದ್ಧ ಎದ್ದ ಕಾಗೋಡು ಸತ್ಯಾಗ್ರಹ 1951ರಲ್ಲಿ ಇದೇ ಜಿಲ್ಲೆಯಲ್ಲಿ ನಡೆದದ್ದು, ಜೀತ ಕಾನೂನಿನಲ್ಲಿ ಹೋದದ್ದು 1976ರಲ್ಲಿ. ಅಂದರೆ ಈ ಪುಸ್ತಕ ನಡುವಿನ ಕಾಲದ್ದು. ಅಲ್ಲಿಯ ಗುಲಾಮಗಿರಿ, ಇಲ್ಲಿಯ ಜೀತ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡೋಕೆ ನಾನು ಹೊರಟಿಲ್ಲ, ಇಲ್ಲಿ ಮಗುವನ್ನು ಸಂತೆಯಲ್ಲಿ ನಿಲ್ಲಿಸಿ ಮಾರುತ್ತಿರಲಿಲ್ಲ. ಆದರೆ ಒಂದು ಪುಟದ ಮೂಲೆಯಲ್ಲಿ, "ಜೀತದ ಹುಡುಗ, ಬಾಕಿ 40 ರೂ." ಅಂತ ಅಜ್ಜನ ಮುದ್ದಾದ ಅಕ್ಷರ ಇತ್ತು. ಹೆಸರಿಲ್ಲ. ಇನ್ನೊಂದು ಪುಟದಲ್ಲಿ, "ಸುಲಿಯುವವರು 9, ಡಬ್ಬ 31."

ಅಡಿಕೆ ಸುಲಿತ ನೋಡಿದವರಿಗೆ ಗೊತ್ತಿರುತ್ತೆ. ರಾತ್ರಿ ಗ್ಯಾಸ್‌ಲೈಟ್ ಹಚ್ಚಿ, ಸಾಲಾಗಿ ಕೂತು, ಮೆಟ್ಟುಗತ್ತಿಯ ಮೇಲೆ ಕಾಯಿ ಒತ್ತಿ ಒಂದೇ ತಿರುವಿಗೆ ಸಿಪ್ಪೆ ಎಬ್ಬಿಸೋದು. ಬೆರಳಿನ ಸಂದಿಯೆಲ್ಲ ಕಪ್ಪು. ಕೊನೆಗೆ ಯಜಮಾನರು ಬಂದು ಡಬ್ಬ ಅಳೆದು ಬರೆದುಕೊಳ್ಳೋರು.

"ಈ ಒಂಬತ್ತು ಜನ ಯಾರ್ಯಾರು ಅಪ್ಪ?" ಅಂದೆ.

ಅಪ್ಪ ಬೆರಳು ಮಡಚಿದರು. "ಕೆಳಮನೆ ಗಿಡ್ಡಿ. ಅವಳ ತಂಗಿ ಪುಟ್ಟಿ. ತಿಮ್ಮಿ. ತಿಮ್ಮಿ ಸೊಸೆ ಒಬ್ಳು, ಚೌಡಿ ಅಂತಿರಬೇಕು." ಐದನೇ ಬೆರಳು ನಿಂತೇ ಇತ್ತು. ಅಷ್ಟರಲ್ಲಿ ಫೋನು ಟಿಣ್ ಅಂತು, ಮಾರುಕಟ್ಟೆ ರೇಟಿನ ಮೆಸೇಜು. "ರಾಶಿ ಅಡಿಕೆ ಎಷ್ಟಂತೆ ನೋಡು" ಅಂದರು. ನೋಡಿ, ಸ್ವಲ್ಪ ಇಳಿದಿದೆ ಅಂದೆ.

ಅವರು ಮಳೆ ನೋಡುತ್ತಾ ಕೂತಿದ್ದರು. ರೇಟು ಕಿವಿಗೆ ಬಿದ್ದಿತೋ ಇಲ್ಲವೋ.

"ಐದನೇಯವಳು ಎಡಗೈಲಿ ಸುಲೀತಿದ್ಲು ಕಣೋ" ಅಂದರು. "ಎಲ್ಲರಿಗಿಂತ ಜೋರು."